ಕಕ್ಕಬ್ಬೆಯಲ್ಲಿ ಪೀಪಾಯಿ ಬಿಯರ್, ಕಾಫಿ ಚಮಚ

ಬಿಯರನ್ನು ಚಮಚದಲ್ಲಿ ಕುಡಿಯುವವರನ್ನು ನಾನು ಮೊದಲು ನೋಡಿದ್ದು ಕಕ್ಕಬ್ಬೆಯಲ್ಲಿ. ಅದೂ ಸುಮ್ನೆ ಕುಡಿಯೋದಲ್ಲ. ಸರ್ರ್ ಅಂತ ಜೋರಾಗಿ ಎಳೆದು, ಬಾಯಿತುಂಬ ಆಡಿಸಿ, ಆಮೇಲೆ ಮಾತಿಲ್ಲದೆ ಕೂರೋದು. ಈ ಸಲದ ಕೊಡಗು ಪ್ರವಾಸದಲ್ಲಿ ನೋಡಿದ್ದು ಬೇಕಾದಷ್ಟಿದೆ. ದುಬಾರೆಯಲ್ಲಿ ಜನಜಂಗುಳಿ, ಬೇಗ ಹೊರಟುಬಿಟ್ಟೆವು. ರಾಜಾಸೀಟಿನಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದ್ದು ತುಂಬಾ ಚೆನ್ನಾಗಿತ್ತು, ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನನಗೆ ಬರೀಬೇಕು ಅನ್ನಿಸಿದ್ದು ಆ ಬೆಟ್ಟದ ಬುಡದ ತೋಟದ ಮನೆಯಲ್ಲಿ ಕಳೆದ ಒಂದು ಸಂಜೆ.

ಬ್ಯಾಗಿನಲ್ಲಿ ಒಂದು ಬಾಟಲಿ ಇತ್ತು. ಶಿಕಾಗೋದಿಂದ ರಜೆಗೆ ಬಂದ ಗೆಳೆಯ ಕೊಟ್ಟಿದ್ದು. ಹೊರದೇಶದಿಂದ ಬರುವವರು ಎರಡು ಲೀಟರ್‌ವರೆಗೆ ಸುಂಕ ಇಲ್ಲದೆ ತರಬಹುದು, ಹಾಗಾಗಿ ಎಲ್ಲರೂ ವಿಸ್ಕಿ ತರುತ್ತಾರೆ. ಇವನು ತಂದಿದ್ದು ಗೂಸ್ ಐಲ್ಯಾಂಡ್ ಬ್ರೂವರಿಯ ಬೋರ್ಬನ್ ಕೌಂಟಿ ಸ್ಟೌಟ್, ಅರ್ಧ ಲೀಟರಿನದು. ಬೋರ್ಬನ್ ವಿಸ್ಕಿ ಇಟ್ಟಿದ್ದ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿಸಿದ ಕಪ್ಪು ಬಿಯರ್. ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಅಂದರೆ ಹೆಚ್ಚೆಂದರೆ ಶೇಕಡಾ 8. ಇದು 14ರ ಮೇಲೆ, ಹೆಚ್ಚುಕಮ್ಮಿ ವೈನಿನಷ್ಟು. ಒಬ್ಬರೇ ಕೂತು ಮುಗಿಸುವ ವಸ್ತು ಅಲ್ಲ. ನಾಲ್ಕೈದು ಜನ ಹಂಚಿಕೊಂಡು, ಊಟದ ಜೊತೆ, ಇಡೀ ಸಂಜೆ ಕುಡಿಯಬೇಕಾದ್ದು.

ಅದಕ್ಕಿಂತ ಮೊದಲು ಒಂದು ಬೇಸರ ಹೇಳಿಬಿಡುತ್ತೇನೆ. ಕಕ್ಕಬ್ಬೆಗೆ ಬರುವ ಹಿಂದಿನ ರಾತ್ರಿ ನಾವು ಉಳಿದಿದ್ದ ರೆಸಾರ್ಟಿನ ಬಾರಿನಲ್ಲಿ ‘ಬ್ಯಾರೆಲ್ ಏಜ್ಡ್’, ಅಂದರೆ ಪೀಪಾಯಿಯಲ್ಲಿ ಹಣ್ಣಾಗಿಸಿದ್ದು, ಅಂತ ದೊಡ್ಡದಾಗಿ ಬರೆದ ಬಿಯರ್ ಇತ್ತು. ಆಸೆಯಿಂದ ತರಿಸಿದೆ. ಮಂಜುಗಟ್ಟಿದ ಮಗ್ಗಿನಲ್ಲಿ ಬಂತು. ನಾಲಿಗೆ ಮರಗಟ್ಟಿ ಏನೂ ಗೊತ್ತಾಗಲಿಲ್ಲ. ಬೆಚ್ಚಗಾದ ಮೇಲೆ ಐಸ್‌ಕ್ರೀಮಿಗೆ ಹಾಕುವ ವೆನಿಲಾ ಎಸೆನ್ಸಿನ ವಾಸನೆ ಎದ್ದು ಬಂತು. ಯಾವ ಪೀಪಾಯಿ ಅಂತ ಕೇಳಿದರೆ ಹುಡುಗ ಒಳಗೆ ಹೋದ, ಮ್ಯಾನೇಜರ್ ಬಂದರು, ‘ಸ್ಪೆಷಲ್ ಪೀಪಾಯಿ ಸರ್’ ಅಂದರು. ಬಿಲ್ ಮಾತ್ರ ನಿಜವಾದ ಪೀಪಾಯಿಯದ್ದೇ. ನೀವು ಎಲ್ಲೇ ತರಿಸಿ, ಮೊದಲೇ ಮೂರು ವಿಷಯ ಕೇಳಿ: ಆ ಪೀಪಾಯಿಯಲ್ಲಿ ಮುಂಚೆ ಏನಿತ್ತು, ಬಿಯರ್ ಎಷ್ಟು ತಿಂಗಳು ಇತ್ತು, ಆಲ್ಕೋಹಾಲ್ ಎಷ್ಟು. ಉತ್ತರ ಬಾರದಿದ್ದರೆ ಮಾಮೂಲಿ ಬಿಯರ್ ಕುಡಿದು ಎದ್ದುಬಿಡಿ. ಮಗ್ಗು ಫ್ರೀಜರಿನಿಂದ ಬಂದರೆ ವಾಪಸ್ ಕಳಿಸಿ, ಸಣ್ಣ ವೈನ್ ಗ್ಲಾಸು ಕೇಳಿ.

ನಾಪೋಕ್ಲು ದಾಟಿ ಕಕ್ಕಬ್ಬೆ ಕಡೆ ಹೋಗುವ ದಾರಿ ನನಗೆ ಕೊಡಗಿನಲ್ಲೇ ಅತಿ ಇಷ್ಟ. ಗದ್ದೆ, ತೋಟ, ಮತ್ತೆ ಗದ್ದೆ. ಅರೇಬಿಕಾ ಕೊಯ್ಲು ನಡೀತಿತ್ತು. ಕಣದ ತುಂಬಾ ಕೆಂಪು ಹಣ್ಣು. ನಮಗೆ ರೂಮು ಕೊಟ್ಟ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಆಯುಷ್ಯವಿಡೀ ಕಾಫಿ ಬೆಳೆದವರು. ಮನೆಯಲ್ಲೇ ಒಂದು ದುಂಡು ಮೇಜಿಟ್ಟು ತಮ್ಮ ಕಾಫಿಯ ರುಚಿ ತಾವೇ ನೋಡುತ್ತಾರೆ. ಬಾಟಲಿ ತೋರಿಸಿದೆ. ‘ಬಿಯರು ಬಿಸಿಲಲ್ಲಿ ಕುಡಿಯೋದು, ಈ ಚಳಿಯಲ್ಲಿ ಯಾಕೆ?’ ಅಂದರು. ಡಿಸೆಂಬರಿನ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು ಅಂದೆ. ಹದಿಮೂರು ಹದಿನಾಲ್ಕು ಡಿಗ್ರಿಯಲ್ಲಿ ಇದರ ರುಚಿ ಬಿಚ್ಚಿಕೊಳ್ಳುತ್ತೆ. ಅವರ ಜಗಲಿ ಅಷ್ಟೇ ತಣ್ಣಗಿತ್ತು, ಫ್ರಿಜ್ಜಿನ ಕೆಲಸವೇ ಬೀಳಲಿಲ್ಲ.

ಮುಚ್ಚಳ ತೆಗೆದು ಬಗ್ಗಿಸಿದಾಗ ಜೋನಿಬೆಲ್ಲದ ಹಾಗೆ ಇಳಿಯಿತು. ನೊರೆ ಬಿಳಿಯಲ್ಲ, ಕಂದು. ಅದೂ ಕ್ಷಣದಲ್ಲಿ ಕೂತುಬಿಟ್ಟಿತು. ಗ್ಲಾಸು ತಿರುಗಿಸಿದರೆ ಗೋಡೆಗೆ ಬಣ್ಣ ಅಂಟಿಕೊಂಡು ನಿಧಾನಕ್ಕೆ ಜಾರುತ್ತೆ. ಯಜಮಾನರು ಮೊದಲು ಎರಡು ಹನಿ ನೆಲಕ್ಕೆ ಬಿಟ್ಟು ‘ಗುರು ಕಾರೋಣ’ ಅಂದರು. ಕೊಡವರ ಮನೆಗಳಲ್ಲಿ ಹಿರಿಯರಿಗೆ ಮಾಂಸದ ಜೊತೆ ಮದ್ಯವನ್ನೂ ಎಡೆ ಇಡುತ್ತಾರೆ. ಶಿಕಾಗೋದ ಬಿಯರಿಗೂ ಅದೇ ಮರ್ಯಾದೆ ಸಿಕ್ಕಿದ್ದು ನೋಡಿ ನನಗೆ ಖುಷಿಯಾಯಿತು.

ಆಮೇಲೆ ಒಳಗೆ ಹೋಗಿ ಕಾಫಿ ರುಚಿ ನೋಡುವ ಚಮಚ ತಂದರು. ದುಂಡಗಿನ, ಆಳವಾದ ಬೆಳ್ಳಿ ಚಮಚ. ಜೋರಾಗಿ ಎಳೆದುಕೊಳ್ಳೋದು ಯಾಕೆ ಅಂತ ಹೇಳಿದರು: ದ್ರವ ಪುಡಿಪುಡಿಯಾಗಿ ಇಡೀ ಬಾಯಿಗೆ ಹರಡುತ್ತೆ, ವಾಸನೆ ಒಳಗಿನಿಂದಲೇ ಮೂಗಿಗೆ ಏರುತ್ತೆ. ಮೊದಲ ಚಮಚಕ್ಕೆ ‘ಹುರಿದದ್ದು ಜಾಸ್ತಿ. ಕಾಫಿಯಾಗಿದ್ದರೆ ನಾನು ಇಷ್ಟು ಕಪ್ಪಗೆ ಬಿಡುತ್ತಿರಲಿಲ್ಲ’ ಅಂದರು. ಸರಿಯಾಗೇ ಹಿಡಿದರು. ಇದರಲ್ಲಿ ಕಪ್ಪಗೆ ಹುರಿದ ಬಾರ್ಲಿ ಇದೆ. ಇಂಥ ಗಟ್ಟಿ ಸ್ಟೌಟನ್ನು 18ನೇ ಶತಮಾನದಲ್ಲಿ ಲಂಡನ್ನಿನವರು ರಷ್ಯಾದ ಅರಮನೆಗೆ ಕಳಿಸುತ್ತಿದ್ದರು, ‘ಇಂಪೀರಿಯಲ್ ಸ್ಟೌಟ್’ ಅನ್ನೋ ಹೆಸರು ಅಂಟಿಕೊಂಡಿದ್ದು ಅಲ್ಲಿಂದ. ಅದನ್ನು ಬೋರ್ಬನ್ ಪೀಪಾಯಿಗೆ ತುಂಬಿದ್ದು 1990ರ ದಶಕದಲ್ಲಿ, ಗೂಸ್ ಐಲ್ಯಾಂಡಿನ ಗ್ರೆಗ್ ಹಾಲ್.

ಅರ್ಧ ಗಂಟೆ ಬಿಟ್ಟು ಎರಡನೇ ಚಮಚ. ಈಗ ಕೊಬ್ಬರಿ, ವೆನಿಲಾ ಮೇಲೆ ಬಂದಿದ್ದವು. ‘ಇದು ಎಸೆನ್ಸ್ ಅಲ್ಲ ತಾನೇ?’ ಎಂದು ಕೇಳಿದರು. ಅಲ್ಲ, ಮರದ್ದು ಅಂದೆ. ಓಕ್ ಹಲಗೆಯನ್ನು ಸುಟ್ಟಾಗ ಅದರೊಳಗಿಂದ ವೆನಿಲಾ ವಾಸನೆಯ ವೆನಿಲಿನ್ ಹೊರಡುತ್ತೆ. ಕೊಬ್ಬರಿ ವಾಸನೆಯ ಲ್ಯಾಕ್ಟೋನ್ ಅನ್ನೋ ವಸ್ತು ಓಕಿನಲ್ಲೇ ಇರುತ್ತೆ. ಬೋರ್ಬನ್ನಿಗೆ ಅಮೆರಿಕದ ಕಾನೂನಿನ ಪ್ರಕಾರ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ್ದನ್ನು ಮತ್ತೆ ಬೋರ್ಬನ್ನಿಗೆ ಬಳಸುವಂತಿಲ್ಲ. ಹಾಗಾಗಿ ಸುಮಾರು 200 ಲೀಟರ್ ಹಿಡಿಯುವ ಹಳೆ ಪೀಪಾಯಿಗಳು ಸ್ಕಾಟ್ಲೆಂಡಿಗೆ, ರಮ್ಮಿಗೆ, ಬಿಯರಿಗೆ ಹೋಗುತ್ತವೆ. ಸೆಕೆಗೆ ಹಿಗ್ಗಿದಾಗ ಬಿಯರ್ ಮರದೊಳಗೆ ಹೋಗುತ್ತೆ, ಚಳಿಗೆ ಕುಗ್ಗಿದಾಗ ವಾಪಸ್ ಬರುತ್ತೆ. ಬರುವಾಗ ಮರದೊಳಗೆ ಉಳಿದ ವಿಸ್ಕಿಯನ್ನೂ ತರುತ್ತೆ.

‘ಓಕ್ ಅಂದರೆ ನಮ್ಮ ತೋಟದ್ದೇ? ಮೆಣಸು ಹಬ್ಬಿಸಿದ್ದೀವಲ್ಲ, ಅದೇ?’ ಅಂತ ಅವರ ಮೊಮ್ಮಗ ಕೇಳಿದ. ಮಾತು ಅಲ್ಲೇ ನಿಂತಿತು. ಯಜಮಾನರು ಟಾರ್ಚ್ ಹಿಡಿದು ನಮ್ಮನ್ನೆಲ್ಲ ಹಿತ್ತಲಿಗೆ ಕರೆದೊಯ್ದರು. ಕಡಿದು ಹಾಕಿದ್ದ ಸಿಲ್ವರ್ ಓಕ್ ದಿಮ್ಮಿ ತೋರಿಸಿದರು. ಹೆಸರಷ್ಟೇ ಓಕ್, ಇದು ಆಸ್ಟ್ರೇಲಿಯಾದಿಂದ ಬಂದ ಮರ, ಮಕಡೇಮಿಯಾ ಕಾಯಿಯ ಕುಟುಂಬದ್ದು, ನೆರಳಿಗೆ ಅಂತ ನೆಟ್ಟಿದ್ದು, ಪ್ಲೈವುಡ್ಡಿಗೆ ಹೋಗುತ್ತೆ ಅಂದರು. ನಾನು ನನಗೆ ಗೊತ್ತಿದ್ದದ್ದು ಸೇರಿಸಿದೆ. ಅಮೆರಿಕದ ಬಿಳಿ ಓಕಿನಲ್ಲಿ ನೀರು ಹರಿಯುವ ಸಣ್ಣ ಕೊಳವೆಗಳನ್ನು ಮರವೇ ಒಳಗಿನಿಂದ ಮುಚ್ಚಿಕೊಳ್ಳುತ್ತೆ, ಅದಕ್ಕೇ ಪೀಪಾಯಿ ಸೋರಲ್ಲ. ಕೆಂಪು ಓಕಿನ ಕೊಳವೆ ತೆರೆದೇ ಇರುತ್ತೆ, ಅದು ಈ ಕೆಲಸಕ್ಕೆ ಬರಲ್ಲ. ಅವರು ದಿಮ್ಮಿಯ ಕೊನೆಯನ್ನು ಬೆರಳಿನಿಂದ ಸವರಿ ನೋಡಿದರು. ‘ಮರಕ್ಕೆ ಇಷ್ಟು ಲೆಕ್ಕ ಇದೆ ಅಂತ ಆಯ್ತು’ ಅಂದರು.

ಮತ್ತೆ ಜಗಲಿಗೆ ಬಂದು ಅವರು ಮಾನ್ಸೂನ್ಡ್ ಮಲಬಾರ್ ಕಾಫಿಯ ಕತೆ ತೆಗೆದರು. ಮುಂಚೆ ಇಲ್ಲಿಂದ ಯುರೋಪಿಗೆ ಕಾಫಿ ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಿತ್ತು. ತೇವ ಕುಡಿದು ಬೀಜ ಊದಿಕೊಳ್ಳುತ್ತಿತ್ತು, ಬಣ್ಣ ಕಳೆದು ಹಳದಿಯಾಗುತ್ತಿತ್ತು, ಹುಳಿ ಇಳಿಯುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಅಭ್ಯಾಸವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾದ ಮೇಲೆ ಕಾಫಿ ಹಸಿಹಸಿಯಾಗಿ ತಲುಪತೊಡಗಿತು, ಯುರೋಪಿನವರು ಹಳೆ ರುಚಿಯೇ ಬೇಕು ಅಂದರು. ಅದಕ್ಕೇ ಈಗ ಮಂಗಳೂರು ಕಡೆ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ ಬೇಕಂತಲೇ ಆ ರುಚಿ ತರಿಸುತ್ತಾರೆ. ‘ನಮ್ಮ ಕಾಫಿಗೆ ಸಮುದ್ರ ಮಾಡಿದ್ದನ್ನ ನಿಮ್ಮ ಬಿಯರಿಗೆ ಮರ ಮಾಡಿದೆ’ ಅಂದರು. ನಾನು ಇಷ್ಟು ವರ್ಷ ಈ ಬಿಯರ್‌ಗಳ ಬಗ್ಗೆ ಓದಿದ್ದೀನಿ. ಇಷ್ಟು ಸರಿಯಾದ ಮಾತು ಎಲ್ಲೂ ಸಿಕ್ಕಿರಲಿಲ್ಲ.

ಊಟಕ್ಕೆ ಹಂದಿಮಾಂಸದ ಪಂದಿಕರಿ, ಅಕ್ಕಿಯ ಕಡಂಬುಟ್ಟು. ಕಾಚಂಪುಳಿ ಅನ್ನೋ ಕೊಡಗಿನ ಹುಳಿರಸ ಹಾಕಿ ಕಪ್ಪಗಾದ ಮಸಾಲೆ. ಸ್ಟೌಟಿನ ಸಿಹಿ ಒಂದೇ ಕುಡಿದರೆ ಸ್ವಲ್ಪ ಹೊತ್ತಿಗೆ ಬಾಯಿ ಕಟ್ಟುತ್ತೆ. ಕಾಚಂಪುಳಿಯ ಹುಳಿ ಅದನ್ನು ಕತ್ತರಿಸಿಬಿಡುತ್ತೆ, ಕೊಬ್ಬಿಗೆ ಬಿಯರಿನ ಕಹಿ ಒಗ್ಗುತ್ತೆ. ಇದರ ಜೊತೆ ಚಾಕೊಲೇಟ್ ಕೇಕು ತಿನ್ನಿ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಸಿಹಿಯ ಮೇಲೆ ಸಿಹಿ. ಪಂದಿಕರಿಯ ಮುಂದೆ ಕೇಕು ಲೆಕ್ಕಕ್ಕೇ ಇಲ್ಲ.

ಊಟ ಮುಗಿದ ಮೇಲೆ ಮೂರನೇ ಚಮಚ. ಗ್ಲಾಸಿನಲ್ಲಿ ಉಳಿದದ್ದು ಪೂರ್ತಿ ಬೆಚ್ಚಗಾಗಿತ್ತು. ನನಗೆ ಖರ್ಜೂರ ಸಿಕ್ಕಿತು, ಹಿಂದೆ ಸಣ್ಣ ಉಪ್ಪುಪ್ಪು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಕಣದಲ್ಲಿ ಎರಡನೇ ದಿನದ ಹಣ್ಣು. ಸಿಪ್ಪೆ ಸುಕ್ಕಾಗೋಕೆ ಶುರುವಾಗಿರುತ್ತಲ್ಲ, ಅದು’ ಅಂದರು. ಸ್ವಲ್ಪ ತಡೆದು, ‘ಇದು ಈ ವರ್ಷದ್ದಲ್ಲ. ಸೋಯಾ ಸಾಸ್ ಬಂದಿದೆ. ಗಾಳಿ ತಾಕಿದೆ’ ಅಂತ ಸೇರಿಸಿದರು. ಬಾಟಲಿ ತಿರುಗಿಸಿ ದೀಪಕ್ಕೆ ಹಿಡಿದು ತಾರೀಖು ಓದಿದೆ. ಗೆಳೆಯ ಅದನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ. ಇಂಥ ಬಿಯರ್ ಬಾಟಲಿಯಲ್ಲೂ ಹಣ್ಣಾಗುತ್ತೆ, ಒಂದು ಹಂತ ದಾಟಿದರೆ ಸೋಯಾ ಸಾಸಿನ ಕಡೆ ಜಾರುತ್ತೆ. ಜೀವನದಲ್ಲಿ ಮೊದಲ ಸಲ ಈ ಬಿಯರ್ ಬಾಯಿಗಿಟ್ಟವರು ಅದನ್ನು ಬರೀ ನಾಲಿಗೆಯಿಂದ ಹೇಳಿಬಿಟ್ಟರು! ಕಾಫಿ ಬೆಳೆಗಾರರ ಬಗ್ಗೆ ನನಗಿದ್ದ ಗೌರವ ಆ ರಾತ್ರಿ ದುಪ್ಪಟ್ಟಾಯಿತು.

ಒಂದು ಮಾತು ನೆನಪಿಡಿ. ಇಂಥದ್ದನ್ನು ಕುಡಿಯೋದಾದರೆ ಉಳಿದುಕೊಂಡ ಮನೆಯಲ್ಲೇ ಕುಡಿಯಿರಿ. ಚಿಕ್ಕ ಗ್ಲಾಸಲ್ವಾ ಅಂತ ಗಾಡಿ ಹತ್ತಬೇಡಿ. ಕಕ್ಕಬ್ಬೆಯ ರಸ್ತೆ ಕಿರಿದು, ತಿರುವು ಜಾಸ್ತಿ, ರಾತ್ರಿ ಮಂಜು ಬೇರೆ.

ಬೆಳಿಗ್ಗೆ ನಾಲ್ಕುನಾಡು ಅರಮನೆ ನೋಡಿಕೊಂಡು ಹೊರಟೆವು. ಗಾಡಿ ಹತ್ತುವಾಗ ಯಜಮಾನರು ಹತ್ತಿರ ಬಂದು ಕೇಳಿದ್ದು ಒಂದೇ: ‘ಇದೇ ಬಿಯರು, ಪೀಪಾಯಿಗೆ ಹಾಕದೇ ಇಟ್ಟದ್ದು ಸಿಗುತ್ತಾ? ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆಗ ಮರದ ಪಾಲೆಷ್ಟು, ಹುರಿದದ್ದರ ಪಾಲೆಷ್ಟು ಅಂತ ಗೊತ್ತಾಗುತ್ತೆ.’ ಗೆಳೆಯನಿಗೆ ಬರೆದಿದ್ದೀನಿ. ಅವನು ಬ್ರೂವರಿಯಲ್ಲೇ ಹೋಗಿ ವಿಚಾರಿಸುತ್ತೇನೆ ಅಂದಿದ್ದಾನೆ.