ಭಿನ್ನರಾಶಿ ಪಾಠ, ಒಂಬತ್ತನೇ ವಾರ: ಮೈಸೂರು ಪಾಕಿನ ತಟ್ಟೆ, 4096 ಅಕ್ಷರ

ಕಳೆದ ಸಲ ಬರೆದು ಮೂರು ವಾರ ಆಯ್ತು. ಶಾಲೆಯಲ್ಲಿ ಪರೀಕ್ಷೆ, ಪೇಪರ್ ತಿದ್ದೋದು, ನಡುವೆ ಒಂದು ಮದುವೆ. ಎಂ.ಎ. ಪ್ರಾಜೆಕ್ಟಿಗೆ ನನಗೆ ಸಿಗೋದು ರಾತ್ರಿ ಒಂಬತ್ತೂವರೆ ಮೇಲಿನ ಹೊತ್ತು ಮಾತ್ರ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಗಣಿತ ಟೀಚರ್. ಎಜುಕೇಶನಲ್ ಟೆಕ್ನಾಲಜಿಯಲ್ಲಿ ಎಂ.ಎ. ಮಾಡುತ್ತಿದ್ದೇನೆ. ಕೊನೆಯ ಪ್ರಾಜೆಕ್ಟಿಗೆ ಭಿನ್ನರಾಶಿ ಕೂಡುವುದರ ಮೇಲೆ ಒಂದು ಇ-ಲರ್ನಿಂಗ್ ಪಾಠ, ಕನ್ನಡದಲ್ಲಿ, ಮೊಬೈಲಿನಲ್ಲಿ ನಡೆಯುವಂಥದ್ದು.

ಮೊದಲು ಚಿತ್ರದ ಕಥೆ. ಯಾವ ಟೂಲ್ ತೆರೆದರೂ ಭಿನ್ನರಾಶಿಗೆ ಪಿಜ್ಜಾ ಚಿತ್ರ ರೆಡಿ ಇರುತ್ತದೆ. ನಾನು ಅದನ್ನು ತೆಗೆದು ಹೋಳಿಗೆ ಹಾಕಿದ್ದೆ, ಬಹಳ ಜಾಣತನ ಮಾಡಿದೆ ಅಂದುಕೊಂಡು. ಆದರೆ ತೊಂದರೆ ಇದ್ದದ್ದು ಪಿಜ್ಜಾದಲ್ಲಲ್ಲ, ದುಂಡಗಿನ ಆಕಾರದಲ್ಲಿ. ದುಂಡಗಿರೋದನ್ನು ಮೂರು ಸಮ ಭಾಗ ಮಾಡೋದು ದೊಡ್ಡವರಿಗೇ ಕಷ್ಟ. ಎರಡು ಬೇರೆ ಬೇರೆ ಛೇದಗಳನ್ನು ಒಂದೇ ಚಿತ್ರದಲ್ಲಿ ತೋರಿಸೋದು ಇನ್ನೂ ಕಷ್ಟ.

ಈಗ ಮೈಸೂರು ಪಾಕಿನ ತಟ್ಟೆ, ಚೌಕಾಕಾರದ್ದು. ½ ಬೇಕಾದರೆ ಅಡ್ಡಕ್ಕೆ ಒಂದು ಗೆರೆ. ⅓ ಬೇಕಾದರೆ ಉದ್ದಕ್ಕೆ ಎರಡು ಗೆರೆ. ಎರಡೂ ಗೆರೆ ಒಟ್ಟಿಗೆ ಹಾಕಿದರೆ ತಾನಾಗಿಯೇ ಆರು ತುಂಡು. ಅರ್ಧ ಅಂದರೆ ಮೂರು ತುಂಡು, ಮೂರನೇ ಒಂದು ಭಾಗ ಅಂದರೆ ಎರಡು ತುಂಡು, ಒಟ್ಟು ಐದು. ⅚ ಕಣ್ಣೆದುರಿಗೇ ಬಂತು. ಲ.ಸಾ.ಅ. ಅನ್ನೋ ಪದ ಆಮೇಲೆ ಹೇಳಿದರಾಯ್ತು.

ಅಕ್ಕನ ಮಗಳನ್ನು ಕೂರಿಸಿ ನೋಡಿದೆ. ಆರನೇ ಕ್ಲಾಸು. ನಾನು ಬಾಯಿ ಬಿಡಬಾರದು ಅಂತ ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ. ಪಾಠದೊಳಗೆ ಮಾತಾಡೋ ದನಿ ಮಾತ್ರ ನನ್ನದೇ. ಎರಡನೇ ಸ್ಲೈಡಿಗೇ ಅವಳು ಮೊಬೈಲ್ ಕೆಳಗಿಟ್ಟಳು. "ಚಿಕ್ಕಮ್ಮ, ನೀನು ಹೇಳೋದನ್ನೇ ಅಲ್ಲೂ ಬರೆದಿದ್ದೀಯ. ಕೇಳಿಸ್ಕೊಳ್ಲಾ, ಓದ್ಲಾ?"

ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಹೇಳುವ ರಿಡಂಡೆನ್ಸಿ ತತ್ವ ಇದೇ. ಚಿತ್ರ ಇದೆ, ದನಿ ಇದೆ, ಮತ್ತೆ ಅದೇ ಮಾತನ್ನು ಪೂರ್ತಿ ಬರೆದು ತೋರಿಸಿದರೆ ಕಲಿಕೆಗೆ ಅಡ್ಡಿ. ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಓಡುತ್ತದೆ. ಹೋದ ಸೆಮಿಸ್ಟರಿನಲ್ಲಿ ಇದರ ಮೇಲೆ ಎಂಟು ಪುಟ ಅಸೈನ್‌ಮೆಂಟ್ ಬರೆದು ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. ಪಾಠ ಮಾಡುವಾಗ ಮಾತ್ರ ನೆನಪೇ ಆಗಲಿಲ್ಲ!

ಹಾಗಂತ ಬರಹವನ್ನು ಪೂರ್ತಿ ತೆಗೆದಿಲ್ಲ. ನಮ್ಮ ಮಕ್ಕಳ ಕೈಗೆ ಮೊಬೈಲ್ ಬರೋದು ಅಪ್ಪ ಮನೆಗೆ ಬಂದ ಮೇಲೆ, ಅದೂ ಟಿವಿ ಓಡುತ್ತಿರುವಾಗ. ಇಯರ್‌ಫೋನ್ ಇರೋದಿಲ್ಲ. ಅದಕ್ಕೆ ಚಿತ್ರದ ಪಕ್ಕ 'ಅಂಶ', 'ಛೇದ' ಅಂತ ಒಂದೊಂದೇ ಪದ ಇಟ್ಟೆ. ಪೂರ್ತಿ ಮಾತು ಬೇಕಾದವರಿಗೆ ಒಂದು ಬಟನ್, ಒತ್ತಿದರೆ ಮಾತ್ರ ಕಾಣಿಸುತ್ತದೆ.

ಇನ್ನೊಂದು ಸಂಗತಿ. ½ + ⅓ ಎಷ್ಟು ಅಂದರೆ ಅವಳು 2/5 ಅಂತ ಒತ್ತಿದಳು. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ನನ್ನ ಕ್ಲಾಸಿನಲ್ಲೂ ಜಾಸ್ತಿ ಸಿಗುವ ತಪ್ಪು ಇದು. ನನ್ನ ಪಾಠ ಹೇಳಿದ್ದು: "ತಪ್ಪು ಉತ್ತರ. ಮತ್ತೊಮ್ಮೆ ಪ್ರಯತ್ನಿಸಿ." ಅವಳು ಸುಮ್ನೆ ಉಳಿದ ಮೂರು ಆಯ್ಕೆಗಳನ್ನೂ ಒಂದೊಂದಾಗಿ ಒತ್ತಿ ಸರಿಯಾದದ್ದನ್ನು ಹುಡುಕಿ ಮುಂದೆ ಹೋದಳು. ಕಲಿತದ್ದು ಸೊನ್ನೆ.

ಆ ಫೀಡ್‌ಬ್ಯಾಕ್ ಬದಲಾಯಿಸಿದೆ. ಈಗ 2/5 ಒತ್ತಿದರೆ ಎರಡು ತಟ್ಟೆ ಪಕ್ಕಪಕ್ಕ ಬರುತ್ತವೆ, ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ 2/5. ಕೆಳಗೆ ಒಂದೇ ಪ್ರಶ್ನೆ: "ಅರ್ಧಕ್ಕೆ ಇನ್ನಷ್ಟು ಸೇರಿಸಿದೆವು. ಅರ್ಧಕ್ಕಿಂತ ಕಮ್ಮಿ ಹೇಗಾಯ್ತು?" ಈ ಒಂದು ಸ್ಲೈಡಿಗೆ ಎರಡು ರಾತ್ರಿ ಹೋಯ್ತು. ಇಡೀ ಪಾಠದಲ್ಲಿ ನನಗೆ ಹೆಮ್ಮೆ ಇರೋದು ಇದರ ಬಗ್ಗೆ.

ಕನ್ನಡದ ಕಾಟ ಬೇರೆ. ಬಿಟ್ಟ ಸ್ಥಳಕ್ಕೆ 'ಛೇದ' ಅಂತ ಸರಿಯಾಗೇ ಟೈಪ್ ಮಾಡಿದರೂ ತಪ್ಪು ಅಂತ ತೋರಿಸುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಕೊನೆಗೆ ಗೊತ್ತಾಯ್ತು, ನಾನು ಉತ್ತರವನ್ನು 'ನುಡಿ' ತಂತ್ರಾಂಶದ ಹಳೇ ಫೈಲಿನಿಂದ ಯೂನಿಕೋಡಿಗೆ ಬದಲಾಯಿಸಿ ಅಂಟಿಸಿದ್ದೆ. ಅದರಲ್ಲಿ ಏತ್ವದ ಚಿಹ್ನೆ ಎರಡು ತುಂಡಾಗಿ ಕೂತಿತ್ತು: ಎತ್ವ ಒಂದು, ದೀರ್ಘ ಒಂದು. ಕೀಬೋರ್ಡಿನಿಂದ ಬಂದದ್ದು ಒಂದೇ ಕೋಡು. ಕಂಪ್ಯೂಟರಿಗೆ ಅವು ಬೇರೆ ಬೇರೆ. ಹೋಲಿಸುವ ಮುಂಚೆ ಎರಡನ್ನೂ ನಾರ್ಮಲೈಜ್ ಮಾಡುವ, ಅಂದರೆ ಒಂದೇ ರೂಪಕ್ಕೆ ತರುವ, ಒಂದು ಸಾಲು ಕೋಡ್ ಸೇರಿಸಿದೆ, ಸರಿಹೋಯ್ತು. ಕನ್ನಡದಲ್ಲಿ ಕ್ವಿಜ್ ಮಾಡುವವರು ಇದನ್ನೊಮ್ಮೆ ನೋಡಿಕೊಳ್ಳಿ.

ಆಡಿಯೋ ಮುಗಿದಿದೆ. ಸೀರೆ ಬೀರುವಿನ ಬಾಗಿಲು ತೆರೆದು, ತಲೆ ಒಳಗಿಟ್ಟು ರೆಕಾರ್ಡ್ ಮಾಡಿದೆ. ದನಿ ಗೋಡೆಗೆ ಬಡಿದು ವಾಪಸ್ ಬರೋದಿಲ್ಲ. ಒಂದು ಕಡೆ ಪಕ್ಕದ ಮನೆಯ ಕುಕ್ಕರ್ ಸೀಟಿ ಉಳಿದಿದೆ, ಇರಲಿ ಬಿಡಿ.

ದೊಡ್ಡ ಪೆಟ್ಟು ಬಿದ್ದದ್ದು ಅಪ್‌ಲೋಡ್ ಮಾಡಿದ ಮೇಲೆ. ಅರ್ಧಕ್ಕೆ ಬಿಟ್ಟು ಮತ್ತೆ ತೆರೆದರೆ ಒಮ್ಮೊಮ್ಮೆ ಮೊದಲಿನಿಂದ ಶುರು. ಕಾರಣ ಸ್ಕಾರ್ಮ್ 1.2. ಪಾಠ ಮತ್ತು ಸರ್ವರ್ ಮಾತಾಡಿಕೊಳ್ಳುವ ಈ ನಿಯಮ ಬಂದದ್ದು 2001ರಲ್ಲಿ. ಯಾವ ಸ್ಲೈಡ್ ನೋಡಿದೆ, ಏನು ಉತ್ತರ ಕೊಟ್ಟೆ ಅನ್ನೋದನ್ನೆಲ್ಲ ಸಸ್ಪೆಂಡ್ ಡೇಟಾ ಅನ್ನೋ ಒಂದೇ ಡಬ್ಬಿಯಲ್ಲಿ ತುಂಬಬೇಕು, ಅದರಲ್ಲಿ ಹಿಡಿಯೋದು 4096 ಅಕ್ಷರ. ನನ್ನದು 46 ಸ್ಲೈಡ್, ಪ್ರತಿ ಪ್ರಶ್ನೆಗೂ ಮರುಪ್ರಯತ್ನ. ಡಬ್ಬಿ ತುಂಬಿ ತುಳುಕಿತು. ಸ್ಕಾರ್ಮ್ 2004ರ ಮೂರನೇ ಆವೃತ್ತಿಯಿಂದ 64,000 ಅಕ್ಷರಕ್ಕೆ ಜಾಗ ಇದೆ, ಆದರೆ ನಮಗೆ ಕೊಟ್ಟಿರುವ ಸರ್ವರ್ ಹಳೆಯದನ್ನೇ ಕೇಳುತ್ತದೆ. ಪತ್ರ ಬರೆದೆ, ಉತ್ತರ ಇಲ್ಲ.

ಪಾಠವನ್ನೇ ಮೂರು ತುಂಡು ಮಾಡಿದೆ: ಸಮ ಛೇದ, ಬೇರೆ ಛೇದ, ಕಳೆಯುವುದು. ಒಂದೊಂದೂ ಆರೇಳು ನಿಮಿಷ. ಒಪ್ಪಿಕೊಳ್ಳಬೇಕು, ಹೀಗೇ ಚೆನ್ನಾಗಿದೆ. ನಮ್ಮ ಗೈಡ್ ಸ್ಟೋರಿಬೋರ್ಡ್ ಹಂತದಲ್ಲೇ, ಅಂದರೆ ಸ್ಲೈಡುಗಳನ್ನು ಕಾಗದದ ಮೇಲೆ ಯೋಜಿಸುವಾಗಲೇ, ಇದನ್ನು ಹೇಳಿದ್ದರು, ನಾನು ಕೇಳಿರಲಿಲ್ಲ.

ಮೂರನೆಯದು ಇನ್ನೂ ನೋಟ್‌ಬುಕ್ಕಿನಲ್ಲೇ ಇದೆ. ತಟ್ಟೆಯಲ್ಲಿ ಉಳಿದ ಆ ಆರನೇ ತುಂಡಿನಿಂದ ಶುರು ಮಾಡೋಣ ಅಂತಿದ್ದೇನೆ. ಶನಿವಾರ ಶಾಲೆಯ ಲ್ಯಾಬಿನಲ್ಲಿ ಹನ್ನೆರಡು ಮಕ್ಕಳಿಗೆ ಮೊದಲೆರಡು ಭಾಗ ತೋರಿಸಬೇಕು. ಹನ್ನೆರಡು ಯಾಕೆ ಅಂದರೆ, ಲ್ಯಾಬಿನಲ್ಲಿ ಆನ್ ಆಗುವ ಕಂಪ್ಯೂಟರ್ ಅಷ್ಟೇ ಇರೋದು.