ಹಿತ್ತಾಳೆ ಬ್ರಿಜ್, ಹಿತ್ತಾಳೆ ಕಿವಿ

"ಅಣ್ಣಾ, ಹಿತ್ತಾಳಿ ಬ್ರಿಜ್ ಹಾಕ್ಸಿದ್ರ ಬೇಸ್ ಟೋನ್ ಖರೇನ ಛಲೋ ಆಗ್ತೈತೇನು?"

ಹುಬ್ಬಳ್ಳಿಯಲ್ಲಿ ಬೇಸ್ ಗಿಟಾರ್, ಅಂದರೆ ತಗ್ಗು ದನಿಯ ಗಿಟಾರ್, ಹಿಡಿದವರೇ ಕಡಿಮೆ. ಇದ್ದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಹೊತ್ತು ನನ್ನ ಹತ್ತಿರ ಬಂದೇ ಬರುತ್ತಾರೆ. ಗಣಪತಿ ಹಬ್ಬ ಸಮೀಪಿಸಿ ಆರ್ಕೆಸ್ಟ್ರಾದವರು ಪ್ರ್ಯಾಕ್ಟೀಸಿಗೆ ಕೂತರಂತೂ ಕೇಳುವುದೇ ಬೇಡ. ವಿದ್ಯಾನಗರದ ಇಂಜಿನಿಯರಿಂಗ್ ಹುಡುಗರು ಮೊಬೈಲಿನಲ್ಲಿ ಬ್ರಿಜ್‌ನ, ಅಂದರೆ ಗಿಟಾರಿನ ಒಡಲ ಮೇಲೆ ತಂತಿಗಳ ಬುಡ ಹಿಡಿದಿಡುವ ಲೋಹದ ಭಾಗದ, ಫೋಟೋ ತೋರಿಸಿಯೇ ಮಾತು ಶುರು ಮಾಡುತ್ತಾರೆ. ನನ್ನ ಉತ್ತರ ಇಷ್ಟೇ: ಆಗುತ್ತದೆ, ಸಾಸಿವೆ ಕಾಳಿನಷ್ಟು. ಮೊದಲು ತಂತಿ ಬದಲಿಸು.

ಇದನ್ನು ನಾನು ದುಡ್ಡು ಕೊಟ್ಟೇ ಕಲಿತದ್ದು. ನನ್ನ ಬೇಸ್‌ಗೆ ಇದ್ದದ್ದು ತಗಡು ಮಡಿಸಿ ಮಾಡಿದ ಸಾದಾ ಬ್ರಿಜ್. ಅದನ್ನು ತೆಗೆದು, ಕೈಯಲ್ಲಿ ಹಿಡಿದರೆ ತಕ್ಕಡಿ ಬಟ್ಟಿನಂತೆ ತೂಗುವ ಹಿತ್ತಾಳೆ ಬ್ರಿಜ್ ಕೂರಿಸಿದೆ. ಮೊದಲ ಸ್ವರ ಹೊಡೆದ ಕೂಡಲೇ ಎದೆ ಉಬ್ಬಿತು. ದನಿ ಗುಂಡಗೆ, ಸ್ವಚ್ಛ, ಎಷ್ಟೊತ್ತಾದರೂ ಆರುವುದೇ ಇಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾಲ್ಕು ತಿಂಗಳು ಕಳೆದ ಮೇಲೆ ಸಂಶಯ ಬಂತು. ಅವತ್ತು ಎರಡು ವರ್ಷದ ಹಳೇ ತಂತಿಗಳನ್ನೂ ಬಿಸಾಕಿದ್ದೆನಲ್ಲ? ತಂತಿಯ ಕೆಳಗೆ ಕೂತು ದನಿ ಹಿಡಿಯುವ ಪಿಕಪ್‌ನ ಎತ್ತರವನ್ನೂ ಸರಿಮಾಡಿದ್ದೆನಲ್ಲ? ಹಾಗಾದರೆ ಬದಲಾದದ್ದು ಯಾವುದರಿಂದ?

ಒಂದು ಭಾನುವಾರ ತಬಲಾ ನುಡಿಸುವ ಗೆಳೆಯನನ್ನು ಕರೆದು ಗೋಡೆಗೆ ಮುಖ ಮಾಡಿ ಕೂರಿಸಿದೆ. ಅದೇ ತಂತಿ, ಅದೇ ವಾಲ್ಯೂಮ್. ಹಳೇ ಬ್ರಿಜ್ ಹಾಕಿ ರೆಕಾರ್ಡ್ ಮಾಡಿದ್ದು, ಹಿತ್ತಾಳೆಯದು ಹಾಕಿ ರೆಕಾರ್ಡ್ ಮಾಡಿದ್ದು, ಎರಡನ್ನೂ ಕಲಸಿ ಹತ್ತು ಸಲ ಕೇಳಿಸಿದೆ. ಆರು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಹೆಚ್ಚೂಕಮ್ಮಿ ಅಷ್ಟೇ ಬರುತ್ತಿತ್ತು. ಅವನೇ ನಕ್ಕ: "ನಿನ್ನ ಬೆರಳು ಒಂದು ಇಂಚು ಸರಿದ್ರ ನಂಗ ಗೊತ್ತಾಗ್ತದ ಮಾರಾಯಾ, ಇದು ಗೊತ್ತಾಗೂದಿಲ್ಲ." ಹೇಳಿದ್ದನ್ನೆಲ್ಲ ನಂಬುವವರಿಗೆ ನಮ್ಮಲ್ಲಿ ಹಿತ್ತಾಳೆ ಕಿವಿ ಅಂತಾರೆ. ನಾನು ಹಿತ್ತಾಳೆ ಬ್ರಿಜ್ ಕೊಂಡಿದ್ದು ಆ ಕಿವಿಯಿಂದಲೇ.

ಎಲೆಕ್ಟ್ರಿಕ್ ಬೇಸ್‌ನ ಪಿಕಪ್ ಅಂದರೆ ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ. ತನ್ನ ಮೇಲೆ ಕಬ್ಬಿಣದ ತಂತಿ ಅಲುಗಿದ್ದಷ್ಟೇ ಅದಕ್ಕೆ ಗೊತ್ತು. ಬ್ರಿಜ್ ಹಿತ್ತಾಳೆಯದೋ ಸತುವಿನದೋ ಅಂತ ಅದು ವಿಚಾರಿಸುವುದಿಲ್ಲ. ತಂತಿಯ ಕಂಪನ ಎಷ್ಟು ಬೇಗ ಮರಕ್ಕೆ ಸೋರಿಹೋಗುತ್ತದೆ ಅನ್ನುವುದರಲ್ಲಿ ಬ್ರಿಜ್‌ಗೆ ಒಂದಿಷ್ಟು ಪಾಲಿದೆ ನಿಜ. ಆದರೆ ನಾಲ್ಕು ಕಿಲೋ ತೂಗುವ ವಾದ್ಯದಲ್ಲಿ ಒಂದೆರಡು ನೂರು ಗ್ರಾಂ ಹೆಚ್ಚಾದರೆ ಆಗುವ ವ್ಯತ್ಯಾಸ ಡ್ರಮ್ಮು, ಕೀಬೋರ್ಡುಗಳ ನಡುವೆ ಎಲ್ಲಿ ಉಳಿಯಬೇಕು? ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದಕ್ಕಿದ್ದದ್ದು ತಗಡಿನ ಬ್ರಿಜ್ಜೇ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತಮ್ಮ 1962ರ ಪ್ರಿಸಿಷನ್ ಮೇಲೆ ಒಂದೇ ಬೆರಳಿನಿಂದ ಮಾಡಿದ ಕೆಲಸವನ್ನು ಇವತ್ತಿಗೂ ಜಗತ್ತು ಅಭ್ಯಾಸ ಮಾಡುತ್ತಿದೆ. ಆ ಬೇಸ್‌ಗೆ ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪಾದ) ತಂತಿ, ಅದೂ ವರ್ಷಗಟ್ಟಲೆ ಬದಲಿಸದ್ದು. ಬ್ರಿಜ್ ಮುಚ್ಚಳದ ಕೆಳಗೆ ದನಿ ತಡೆಯಲು ಸ್ಪಂಜು. ನಾವು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಹೊರಟ ಸಸ್ಟೇನನ್ನು, ಅಂದರೆ ದನಿ ಆರದೆ ನಿಲ್ಲುವ ಗುಣವನ್ನು, ಅಲ್ಲಿ ಬೇಕಂತಲೇ ಕೊಂದಿದ್ದರು.

ಧಾರವಾಡದ ಗಾಳಿ ಕುಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ತಂಬೂರಿಯ ಕುದುರೆ, ಅಂದರೆ ಅದರ ಬ್ರಿಜ್, ನೋಡಿ. ಅಗಲವಾಗಿ, ಕಂಡೂ ಕಾಣದಂತೆ ಬಾಗಿರುತ್ತದೆ. ತಂತಿ ಅದರ ಬೆನ್ನನ್ನು ಸವರಿಕೊಂಡು ಕಂಪಿಸುವುದರಿಂದಲೇ ಆ ಝೇಂಕಾರ. ತಂತಿಯ ಕೆಳಗಿನ ನೂಲಿನ ಎಳೆಯನ್ನು ಕೂದಲಿನಷ್ಟು ಸರಿಸಿದರೆ ಸತ್ತಂತಿದ್ದ ತಂಬೂರಿ ಬಾಯಿ ಬಿಡುತ್ತದೆ. ಇದಕ್ಕೆ ಜವಾರಿ ಅನ್ನುತ್ತಾರೆ. (ನಮ್ಮ ಜವಾರಿ ಕೋಳಿಗೂ ಇದಕ್ಕೂ ಸಂಬಂಧವಿಲ್ಲ, ಎರಡೂ ರುಚಿಯೇ.) ಕುದುರೆ ಎಲುಬಿನದಿರಲಿ, ಕರಿಮರದ್ದಿರಲಿ, ಮಿರಜಿನ ಕುಶಲಕರ್ಮಿ ದುಡ್ಡು ತಗೊಳ್ಳುವುದು ಅದನ್ನು ಉಜ್ಜಿ ಹದ ಮಾಡಿದ್ದಕ್ಕೆ.

ಬೇಸ್‌ನಲ್ಲೂ ಹಾಗೇ. ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್‌ನ ಕಚ್ಚು ಸವೆದು ಅಗಲವಾಗಿದ್ದರೆ ತಂತಿ ಅದರೊಳಗೆ ಒದರಾಡುತ್ತದೆ. ಆಗ ಬಂಗಾರದ ಸ್ಯಾಡಲ್ ಹಾಕಿದರೂ ಕಚ್ಚು ಸರಿ ಕೊರೆಯದಿದ್ದರೆ ದನಿ ಕೆಡುತ್ತದೆ. ಕುತ್ತಿಗೆಯ ಆ ತುದಿಯಲ್ಲಿ ತಂತಿ ಕೂರುವ ಪಟ್ಟಿ ನಟ್, ಅದರ ವಿಷಯ ಇನ್ನೂ ಸಣ್ಣದು. ಎಲುಬಿನ ನಟ್ ಖಾಲಿ ತಂತಿಗೆ ಮಾತ್ರ. ಬೆರಳು ಒತ್ತಿದಿರೋ, ತಂತಿಯ ಆ ತುದಿ ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿ) ಆಯಿತು, ನಟ್ ಕೆಲಸ ಮುಗಿಯಿತು.

ಖರ್ಚು ಮಾಡಬೇಕಾದ ಕಡೆಯೂ ಇದೆ. ಬಿರಡೆಗಳು ಸಡಿಲಾಗಿ ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತಿದ್ದರೆ ಬದಲಿಸಿ. ಹಗುರ ಬಿರಡೆ ಹಾಕಿದರೆ ಕುತ್ತಿಗೆ ಕೆಳಗೆ ಜಗ್ಗುವುದು ತಪ್ಪುತ್ತದೆ; ನಾಲ್ಕು ತಾಸು ನಿಂತು ಬಾರಿಸುವ ಭುಜಕ್ಕೆ ಅದರ ಬೆಲೆ ಗೊತ್ತು. ತೂಕ ದನಿಯಲ್ಲಿ ನಿಜವಾಗಿ ಕೇಳಿಸುವುದೂ ಅಲ್ಲೇ, ಬಿರಡೆಗಳಿರುವ ತಲೆಯ ಕಡೆ. ಬಹಳಷ್ಟು ಬೇಸ್‌ಗಳಲ್ಲಿ ತೆಳ್ಳನೆಯ ಜಿ ತಂತಿಯ 5ರಿಂದ 7ನೇ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಆ ಸ್ವರಕ್ಕೆ ಕುತ್ತಿಗೆಯೇ ಕುಣಿದು ಕಂಪನವನ್ನು ನುಂಗುತ್ತದೆ. ತಲೆಗೆ ಒಂದು ಸಣ್ಣ ಸಿ-ಕ್ಲ್ಯಾಂಪ್ ಬಿಗಿದು ನೋಡಿ, ಸತ್ತ ಜಾಗ ಪಕ್ಕಕ್ಕೆ ಸರಿಯುತ್ತದೆ. ಮರಕ್ಕೆ ಗಾಯವಾಗದಂತೆ ನಡುವೆ ಬಟ್ಟೆ ಇಡಿ. ನಾನು ಇಡಲಿಲ್ಲ, ಕಲೆ ಇನ್ನೂ ಇದೆ.

ಉಳಿದದ್ದಕ್ಕೆ ಸ್ಕ್ರೂಡ್ರೈವರ್ ಸಾಕು. ಪಿಕಪ್ಪನ್ನು ಅರ್ಧ ಸುತ್ತು ಏರಿಸಿ ಕೇಳಿ, ಇಳಿಸಿ ಕೇಳಿ. ರೌಂಡ್‌ವೌಂಡ್ (ಗುಂಡನೆಯ ಎಳೆ ಸುತ್ತಿದ) ತಂತಿಯಿಂದ ಫ್ಲ್ಯಾಟ್‌ವೌಂಡ್‌ಗೆ ಹೋದರೆ ಬೇರೆಯದೇ ಬೇಸ್ ಕೈಗೆ ಬಂದಂತಾಗುತ್ತದೆ, ಗೋಡೆಗೆ ಮುಖ ಮಾಡಿ ಕೂತ ಗೆಳೆಯನಿಗೂ ಗೊತ್ತಾಗುವಷ್ಟು.

ನನ್ನ ಹಿತ್ತಾಳೆ ಬ್ರಿಜ್ ಎಲ್ಲಿ ಅಂತೀರಾ? ಬೇಸ್ ಮೇಲೇ ಇದೆ. ತೆಗೆಯಬೇಕಂದ್ರ ಮತ್ತ ತಂತಿ ಎಲ್ಲಾ ಬಿಚ್ಚಬೇಕು. ಅದೂ ಅಲ್ದ, ಸ್ಟೇಜ್ ಲೈಟಿಗೆ ಭಾಳ ಛಲೋ ಹೊಳೀತದ್ರಿ.