ಕುಕೀಸ್ ಕೊಟ್ಟವರು ಯಾರ ಕಡೆಯವರು?

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಬ್ರೋಕರ್ ಗೊತ್ತು. ಸ್ಕೂಟರ್‌ನಲ್ಲಿ ಬರುತ್ತಾರೆ, ನಾಲ್ಕು ಮನೆ ತೋರಿಸುತ್ತಾರೆ, ಓನರ್ ಹತ್ತಿರವೂ ಕಮಿಷನ್ ತಗೊಳ್ತಾರೆ, ನಮ್ಮ ಹತ್ತಿರವೂ ತಗೊಳ್ತಾರೆ. ನೀವು ಯಾರ ಕಡೆ ಸ್ವಾಮಿ ಅಂತ ಅವರನ್ನು ನಾನು ಯಾವತ್ತೂ ಕೇಳಿದ್ದಿಲ್ಲ. ಅದೇ ಅಭ್ಯಾಸ ಇಟ್ಟುಕೊಂಡು 2025ರಲ್ಲಿ ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ ಮನೆ ಕೊಳ್ಳಲು ಹೊರಟೆ.

ಒಂದು ಭಾನುವಾರ ಓಪನ್ ಹೌಸ್ ಬೋರ್ಡ್ ಕಂಡು ಒಳಗೆ ಹೋದೆವು. ಓಪನ್ ಹೌಸ್ ಅಂದರೆ ಮಾರಾಟಕ್ಕಿರುವ ಮನೆಯನ್ನು ಯಾರು ಬೇಕಾದರೂ ಬಂದು ನೋಡಬಹುದು ಅಂತ. ಬಾಗಿಲಲ್ಲೇ ಒಬ್ಬರು ಏಜೆಂಟ್, ಮುಖದ ತುಂಬ ನಗು. ಅಡುಗೆಮನೆ ಕಟ್ಟೆ ಮೇಲೆ ಕುಕೀಸ್, ನೀರಿನ ಬಾಟಲಿ. ಮಗಳಿಗೆ ಎರಡು ಕುಕೀಸ್ ಕೊಟ್ಟು, ಯಾವ ಕ್ಲಾಸಮ್ಮ ಅಂತ ವಿಚಾರಿಸಿದರು. ಅಷ್ಟು ಸಾಕಾಯಿತು ನನಗೆ. ಈಗಿರುವ ಅಪಾರ್ಟ್‌ಮೆಂಟ್ ಲೀಸ್ ಜುಲೈಗೆ ಮುಗಿಯುತ್ತೆ, ಆಗಸ್ಟ್‌ನಲ್ಲಿ ಸ್ಕೂಲ್ ಶುರು, ಅಷ್ಟರೊಳಗೆ ಮನೆ ಆಗಲೇಬೇಕು, ಬ್ಯಾಂಕ್ ಐದೂವರೆ ಲಕ್ಷ ಡಾಲರ್‌ವರೆಗೆ ಒಪ್ಪಿದೆ ಅಂತ ಎಲ್ಲವನ್ನೂ ಒದರಿಬಿಟ್ಟೆ. ಅವರು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವ ಅಗತ್ಯ ಇರಲಿಲ್ಲ ಅನ್ನಿ.

ಐದು ಲಕ್ಷದ ಹತ್ತು ಸಾವಿರಕ್ಕೆ ಆಫರ್ ಕೊಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಆಫೀಸಿನ ಗೆಳೆಯ ಕೇಳಿದ: "ನಿನ್ನ ಏಜೆಂಟ್ ಯಾರು?" ಓಪನ್ ಹೌಸ್‌ನಲ್ಲಿ ಸಿಕ್ಕಿದರಲ್ಲ, ಅವರೇ ಅಂದೆ. ಅವನು ತಲೆ ಚಚ್ಚಿಕೊಂಡ. "ಅವರು ಮಾರುವವರ ಏಜೆಂಟ್ ಕಣೋ!"

ಟೆಕ್ಸಾಸ್‌ನಲ್ಲಿ ಬ್ರೋಕರ್‌ಗಳಿಗೆ ಲೈಸೆನ್ಸ್ ಕೊಡುವ ರಿಯಲ್ ಎಸ್ಟೇಟ್ ಕಮಿಷನ್ನಿನ ಒಂದು ಫಾರಂ ಇದೆ. 'ಇನ್ಫರ್ಮೇಷನ್ ಅಬೌಟ್ ಬ್ರೋಕರೇಜ್ ಸರ್ವಿಸಸ್' ಅಂತ. ಸುಮ್ನೆ ಸಹಿ ಹಾಕಿ ಪಕ್ಕಕ್ಕಿಡುವ ಕಾಗದದಂತೆ ಕಾಣುತ್ತೆ. ಆ ರಾತ್ರಿ ಕೂತು ಓದಿದೆ. ಮಾರುವವರ ಏಜೆಂಟ್ ತನಗೆ ಗೊತ್ತಾದ ಮುಖ್ಯ ವಿಷಯವನ್ನೆಲ್ಲ ಮಾರುವವರಿಗೆ ತಿಳಿಸಲೇಬೇಕು. ಕೊಳ್ಳುವವರು ಬಾಯಿಬಿಟ್ಟು ಹೇಳಿದ್ದೂ ಅದರಲ್ಲಿ ಸೇರುತ್ತೆ! ಅಂದರೆ ಆ ಕುಕೀಸ್ ಏಜೆಂಟ್ ನನಗೆ ಮೋಸ ಮಾಡಿರಲಿಲ್ಲ. ನನ್ನ ಐದೂವರೆ ಲಕ್ಷದ ಸುದ್ದಿಯನ್ನು ಓನರ್‌ಗೆ ಮುಟ್ಟಿಸುವುದು ಅವರ ಕೆಲಸವೇ ಆಗಿತ್ತು. ನನ್ನ ಜೊತೆ ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು, ನಿಜ. ನನ್ನ ಗುಟ್ಟು ಕಾಪಾಡಬೇಕಾಗಿರಲಿಲ್ಲ. ಆ ಮನೆಯ ಆಸೆ ಅಲ್ಲಿಗೇ ಬಿಟ್ಟೆ.

ಆಮೇಲೆ ನಮ್ಮದೇ ಏಜೆಂಟ್ ಹುಡುಕಿದೆವು. ಅರವತ್ತರ ಆಸುಪಾಸಿನ ಅಮೆರಿಕನ್ ಮಹಿಳೆ, ಮಾತು ಕಮ್ಮಿ. ಒಂದೇ ಒಂದು ಮನೆ ತೋರಿಸುವ ಮುಂಚೆಯೇ ಕರಾರು ಮುಂದಿಟ್ಟರು. ಇನ್ನೂ ಮನೇನೇ ನೋಡಿಲ್ಲ, ಆಗಲೇ ಸಹಿಯಾ ಅಂತ ನನಗೆ ಅನುಮಾನ. ಇದಕ್ಕೊಂದು ಕಥೆ ಇದೆ. ಮೊದಲೆಲ್ಲ ಮಾರುವವರು ಒಟ್ಟು ಐದಾರು ಪರ್ಸೆಂಟ್ ಕಮಿಷನ್ ಕೊಟ್ಟು, ಅದನ್ನು ಎರಡೂ ಕಡೆಯ ಏಜೆಂಟ್‌ಗಳು ಹಂಚಿಕೊಳ್ಳುವುದು ರೂಢಿ. ಇದರ ವಿರುದ್ಧ ಮನೆ ಮಾರಿದವರು ಕೋರ್ಟಿಗೆ ಹೋದರು. 2023ರ ಅಕ್ಟೋಬರ್ 31ರಂದು ಕಾನ್ಸಾಸ್ ಸಿಟಿಯ ಜ್ಯೂರಿ ಅವರ ಪರವಾಗಿ ಸುಮಾರು 178 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. ಮುಂದಿನ ಮಾರ್ಚ್‌ನಲ್ಲಿ ರಿಯಲ್ಟರ್‌ಗಳ, ಅಂದರೆ ಇಂಥ ಏಜೆಂಟ್‌ಗಳ, ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಆ ರಾಜಿಯ ಪ್ರಕಾರ 2024ರ ಆಗಸ್ಟ್ 17ರಿಂದ, ಏಜೆಂಟ್ ನಮ್ಮ ಪರವಾಗಿ ಮನೆ ತೋರಿಸುವ ಮುಂಚೆ ಲಿಖಿತ ಕರಾರು ಆಗಬೇಕು. ಅವರ ಫೀಸು ಎಷ್ಟು ಅಂತ ಅದರಲ್ಲೇ ಸ್ಪಷ್ಟವಾಗಿ ಇರಬೇಕು. ಸುಮ್ನೆ ಓಪನ್ ಹೌಸ್ ನೋಡಿಬರೋದಕ್ಕೆ ಇದು ಬೇಕಾಗಿರಲಿಲ್ಲ.

ನಮ್ಮದರಲ್ಲಿ ಎರಡೂವರೆ ಪರ್ಸೆಂಟ್ ಅಂತ ಇತ್ತು. ಐದೂವರೆ ಲಕ್ಷದ ಮನೆಗೆ 13,750 ಡಾಲರ್! ಓನರ್ ಕೊಡಲು ಒಪ್ಪಿದರೆ ಸರಿ, ಇಲ್ಲದಿದ್ದರೆ ನಮ್ಮ ಜೇಬಿಂದ. ಇದು ಕಾನೂನು ಕಟ್ಟಿದ ದರ ಅಲ್ಲ, ಚೌಕಾಸಿ ಮಾಡಬಹುದು. ಸೊಪ್ಪಿನವರ ಹತ್ತಿರ ಐದು ರೂಪಾಯಿಗೆ ವಾದ ಮಾಡುವ ನನಗೆ ಇಲ್ಲಿ ಬಾಯೇ ಬರಲಿಲ್ಲ. ಹೆಂಡತಿ ಮಾಡಿದಳು, ಎರಡೂಕಾಲಕ್ಕೆ ಇಳಿಸಿದಳು. ಆರು ತಿಂಗಳ ಕರಾರನ್ನು ಮೂರಕ್ಕೂ ಇಳಿಸಿದಳು. ಇಷ್ಟವಾಗದ ಏಜೆಂಟ್ ಜೊತೆ ಆರು ತಿಂಗಳು ಕಟ್ಟಿಬೀಳೋದು ಯಾರಿಗೆ ಬೇಕು, ಅಲ್ವಾ?

ಒಂದೇ ಬ್ರೋಕರ್ ಎರಡೂ ಕಡೆ ಇದ್ದರೆ? ಟೆಕ್ಸಾಸ್‌ನಲ್ಲಿ ಅದಕ್ಕೆ ಇಂಟರ್‌ಮೀಡಿಯರಿ ಅಂತಾರೆ. ಎರಡೂ ಕಡೆಯವರು ಬರಹದಲ್ಲಿ ಒಪ್ಪಬೇಕು. ಓನರ್ ಎಷ್ಟಕ್ಕೆ ಇಳಿಯುತ್ತಾರೆ, ನಾವು ಎಷ್ಟಕ್ಕೆ ಏರುತ್ತೇವೆ ಅನ್ನೋದನ್ನು, ಆಯಾ ಕಡೆಯವರೇ ಬರೆದುಕೊಟ್ಟು ಅನುಮತಿ ಕೊಡದ ಹೊರತು, ಅವರು ಆಚೆ ಕಡೆಗೆ ಹೇಳುವ ಹಾಗಿಲ್ಲ. ನನಗಂತೂ ಇದು ಬೇಡ ಅನ್ನಿಸಿತು. ಇಬ್ಬರಿಗೂ ಬೇಕಾದವರು ನನಗಾಗಿ ಜಗಳ ಆಡಲಾರರು.

ಹೊಸ ಬಡಾವಣೆಗಳಲ್ಲಿ ಮಾದರಿಗೆಂದು ತೋರಿಸುವ ಮಾಡೆಲ್ ಹೋಮ್‌ನಲ್ಲೂ ಇದೇ ಕಥೆ. ಅಲ್ಲಿ ಕೂತಿರುವವರು ಬಿಲ್ಡರ್ ಕಡೆಯವರು. ಮೊದಲ ಸಲವೇ ನಮ್ಮ ಏಜೆಂಟನ್ನು ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಆಮೇಲೆ ನಿಮ್ಮ ಏಜೆಂಟ್‌ಗೆ ನಾವು ಫೀಸ್ ಕೊಡಲ್ಲ ಅನ್ನುವ ಬಿಲ್ಡರ್‌ಗಳೂ ಇದ್ದಾರೆ.

ಮೇ ತಿಂಗಳಲ್ಲಿ ಒಂದು ಮನೆ ಸಿಕ್ಕಿತು. ಓನರ್ ಮನೆಯಲ್ಲಿರಲಿಲ್ಲ. ಅಡುಗೆಮನೆಗೆ ಕಾಲಿಟ್ಟದ್ದೇ ತಡ, ಹೆಂಡತಿ ಕನ್ನಡದಲ್ಲಿ ಶುರು ಮಾಡಿದಳು: "ರೀ, ಇನ್ನು ಹತ್ತು ಸಾವಿರ ಜಾಸ್ತಿ ಆದ್ರೂ ಪರವಾಗಿಲ್ಲ, ಈ ಮನೆ ಬಿಡೋದು ಬೇಡ." ನಮ್ಮ ಏಜೆಂಟ್‌ಗೆ ಭಾಷೆ ಗೊತ್ತಿಲ್ಲ, ಆದರೆ ದನಿ ಗೊತ್ತಾಯಿತು. ತುಟಿ ಮೇಲೆ ಬೆರಳಿಟ್ಟು, ಗೋಡೆ ಮೂಲೆಯ ಪುಟ್ಟ ಕ್ಯಾಮೆರಾ ತೋರಿಸಿದರು. ಕಾರಿನಲ್ಲಿ ಮಾತಾಡೋಣ ಅಂದರು.

"ಕನ್ನಡ ಯಾರಿಗ್ರೀ ಅರ್ಥ ಆಗುತ್ತೆ ಇಲ್ಲಿ!" ಅಂತ ಇವಳು ನಕ್ಕಳು.

ನಾನು ಮಾತಾಡದೆ ಫ್ರಿಜ್ ಕಡೆ ಕೈ ತೋರಿಸಿದೆ. ಅದರ ಪಕ್ಕಕ್ಕೆ ಮ್ಯಾಗ್ನೆಟ್ ಹಾಕಿ ಒಂದು ಕ್ಯಾಲೆಂಡರ್ ಸಿಕ್ಕಿಸಿದ್ದರು. ಕನ್ನಡದ್ದು. ಸಂಕಷ್ಟಿಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು.